ಬಟ್ಟೆಯ ಹಿಂಬದಿಯನ್ನೂ ತೋರಿಸುವ ಗ್ರಂಥಾಲಯ

ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಹೆಂಚಿನ ಮನೆಯ ಪಡಸಾಲೆಯಲ್ಲಿ ನಡೆಯುತ್ತಿರುವ ಗ್ರಂಥಾಲಯಕ್ಕೆ ಎಂಟು ತಿಂಗಳಿಂದ ಹೋಗಿಬರುತ್ತಿದ್ದೇನೆ. ನೇಯ್ಗೆ, ಕಸೂತಿ, ಉಡುಪು, ದೇಗುಲ ವಾಸ್ತು, ಇಷ್ಟಕ್ಕೆ ಸಂಬಂಧಪಟ್ಟ ಪುಸ್ತಕಗಳು ಮತ್ತು ಬಟ್ಟೆಯ ಮಾದರಿಗಳು ಮಾತ್ರ ಅಲ್ಲಿವೆ. ಕಾದಂಬರಿ ಕೇಳಿದರೆ ಸಿಗುವುದಿಲ್ಲ, ಪತ್ರಿಕೆ ಓದಲು ಬಂದವರನ್ನು ನಯವಾಗಿ ಸಾಗಹಾಕುತ್ತಾರೆ. ಕುರ್ಚಿಗಳು ಆರೇ ಇರುವುದರಿಂದ ಗ್ರಂಥಾಲಯದ ಹೆಸರು ಬರೆಯಬೇಡಿ ಎಂದು ನಡೆಸುವವರು ಕೇಳಿಕೊಂಡಿದ್ದಾರೆ. ಈ ಕಸುಬಿನಲ್ಲಿರುವ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕಸೂತಿಯ ಸೀರೆ, ಕುಪ್ಪಸದ ಕಣಗಳನ್ನು (ಕುಪ್ಪಸ ಹೊಲಿಯುವ ಬಟ್ಟೆಯ ತುಂಡುಗಳನ್ನು) ಮಾಡಿಸಿ ಅಂಗಡಿಗಳಿಗೆ ಕೊಡುವವಳು. ಚಿಗರಿ ಬಸ್ಸಿನಲ್ಲಿ ಜ್ಯುಬಿಲಿ ಸರ್ಕಲ್ಲಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಹೋಗುವ ಖರ್ಚು ಮತ್ತು ಹೊತ್ತು ಎರಡನ್ನೂ ಲೆಕ್ಕ ಹಾಕಿಯೇ ಈ ಮಾತು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋಗುವಂತಾದದ್ದು ಒಂದು ನಷ್ಟದಿಂದ. ಹೋದ ವರ್ಷ ಮೊಬೈಲಿನಲ್ಲಿ ಸಿಕ್ಕ ಗೋಪುರದ ಚಿತ್ರವೊಂದನ್ನು ಚೌಕಳಿ ಹಾಳೆಗೆ ಇಳಿಸಿ ಮೂವತ್ತು ಕಣಗಳಿಗೆ ಹಾಕಿಸಿದ್ದೆ. ಆ ಚಿತ್ರದಲ್ಲಿ ಗೋಪುರಕ್ಕೂ ಅದರ ಮೇಲಿನ ಕಳಸಕ್ಕೂ ನಡುವೆ ಎಂಟು ಎಳೆಯಷ್ಟು ಬಯಲಿತ್ತು. ನೋಡುವುದಕ್ಕೆ ಚೆಂದವೇ ಇತ್ತು. ಎರಡೂ ಬದಿ ಒಂದೇ ಥರ ಕಾಣಬೇಕಾದ ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಾದರೋ ಸೂಜಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತ ಹೋಗಿ, ಬಂದ ದಾರಿಯಲ್ಲೇ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ, ಎಲ್ಲಿಯೂ ಗಂಟು ಬೀಳಬಾರದು. ಆದ್ದರಿಂದ ಆಕೃತಿ ಎಲ್ಲಿಯೂ ತುಂಡಾಗದೆ ಒಂದಕ್ಕೊಂದು ಕೂಡಿಕೊಂಡಿರಬೇಕು. ಕೂಡದೆ ಉಳಿದ ಕಳಸದವರೆಗೆ ದಾರವನ್ನು ಹಿಂಬದಿಯಿಂದ ಎಳೆದೊಯ್ಯಬೇಕಾಯಿತು, ತೆಳು ಹತ್ತಿಯ ತಿಳಿಬಣ್ಣದಲ್ಲಿ ಆ ದಾರ ಮುಂದಿನಿಂದಲೂ ಕಂಡಿತು. ಅಂಗಡಿಯವರು ಮೂವತ್ತನ್ನೂ ಮರಳಿ ಕಳಿಸಿದರು. ಹೊಲಿದವರದು ಏನೂ ತಪ್ಪಿರಲಿಲ್ಲ, ಮುಂಬದಿಯ ಚಿತ್ರವೊಂದನ್ನೇ ನಂಬಿ ಕೂತವಳು ನಾನು.

ಧಾರವಾಡ ಪುಸ್ತಕಗಳಿಗೆ ಬರವಿರುವ ಊರಲ್ಲ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ ಇಲ್ಲಿದೆ, 1939ರ ಕನ್ನಡ ಸಂಶೋಧನ ಸಂಸ್ಥೆಯಿದೆ, ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯವಿದೆ. ಆದರೆ ವಿನ್ಯಾಸದ ಪ್ರಶ್ನೆ ಹಿಡಿದುಕೊಂಡು ಹೋದವರ ತೊಡಕೇ ಬೇರೆ. ಬಹಳಷ್ಟು ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಸೂತಿ 746ರಲ್ಲಿ ಕೂರುತ್ತದೆ, ಉಡುಪು 391ರಲ್ಲಿ, ಬಟ್ಟೆಯ ತಯಾರಿಕೆ 677ರಲ್ಲಿ, ದೇಗುಲದ ಕಟ್ಟಡ 726ರಲ್ಲಿ. ಮದುವಣಗಿತ್ತಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿಗೆ ಗೋಪುರ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಗೆ ಈ ನಾಲ್ಕೂ ಕಪಾಟುಗಳನ್ನು ಸುತ್ತಬೇಕು, ಸುತ್ತಿದರೂ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದರಲ್ಲಿ ಕಂಡ ಗೆರೆ ಕಣ್ಣಿನಿಂದ ಮಾಸಿರುತ್ತದೆ. ಮಾಳಮಡ್ಡಿಯ ಈ ಪಡಸಾಲೆಯಲ್ಲಿ ಕಾರ್ಡುಗಳನ್ನು ಆಕೃತಿಯ ಹೆಸರಿನಂತೆ ಜೋಡಿಸಿದ್ದಾರೆ. ತೇರು, ತುಳಸಿಕಟ್ಟೆ, ಆನೆ, ನವಿಲು, ಹೀಗೆ. ‘ತೇರು’ ಎಂಬ ಕಾರ್ಡು ತೆಗೆದರೆ ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿ ತೇರಿನ ಚಿತ್ರವಿದೆ, ಯಾವ ಡ್ರಾಯರಿನ ಯಾವ ತುಂಡಿನಲ್ಲಿ ತೇರಿನ ಕಸೂತಿಯಿದೆ ಎಂಬುದು ಒಂದೇ ಕಡೆ ಸಿಗುತ್ತದೆ. ಇದನ್ನು ಮಾಡಿದವರು ಯಾರೋ ಸ್ವತಃ ಸೂಜಿ ಹಿಡಿದವರೇ ಇರಬೇಕು.

ಮಾದರಿಗಳನ್ನು ಇಟ್ಟ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಾಜಿನ ಹಿಂದೆ ತೂಗುಹಾಕಿದ ಅಥವಾ ರಟ್ಟಿಗೆ ಅಂಟಿಸಿದ ಬಟ್ಟೆಯಿಂದ ಕಸೂತಿಯವರಿಗೆ ಅರ್ಧ ಪ್ರಯೋಜನವೂ ಇಲ್ಲ. ಇಲ್ಲಿ ಪ್ರತಿಯೊಂದು ತುಂಡನ್ನೂ ಮೇಲಂಚಿಗೆ ಮಾತ್ರ ನಾಲ್ಕು ಹೊಲಿಗೆ ಹಾಕಿ ರಟ್ಟಿಗೆ ಸೇರಿಸಿದ್ದಾರೆ, ಪುಟ ತಿರುವಿದಂತೆ ಮೇಲೆತ್ತಿ ಹಿಂಬದಿ ನೋಡಬಹುದು. ಎಳೆ ಎಣಿಸುವ ಭೂತಗನ್ನಡಿಯನ್ನೂ ಕೈಗೆ ಕೊಡುತ್ತಾರೆ. ಒಂದು ದಿನ ನಮ್ಮಲ್ಲಿ ಬಹುಕಾಲದಿಂದ ಕಸೂತಿ ಹಾಕುವ ಅಕ್ಕನನ್ನು ಜೊತೆಗೆ ಕರೆದೊಯ್ದಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಅಂಚಿನ ಮಾದರಿಯ ಕೆಳಗೆ ‘ನೇಗಿ’ ಎಂದು ಬರೆದಿತ್ತು. ಆಕೆ ಓದಲಿಲ್ಲ, ತುಂಡನ್ನು ಎತ್ತಿ ತಿರುವಿ ಬೆರಳಾಡಿಸಿ, “ಇದು ನೇಗಿ ಅಲ್ರೀ ಸರ. ಹಿಂದ ಮುಂದ ಎರಡೂ ಒಂದ ಥರ ಕಾಣಾಕತ್ತೈತಿ, ನೇಗಿ ಹೆಂಗ ಆಕ್ಕೈತ್ರಿ? ಇದು ಮುರಗಿ” ಎಂದಳು. ನೇಗಿ ನೇಯ್ದಂತೆ ಹಾಕುವ ಹೊಲಿಗೆಯಾದ್ದರಿಂದ ಮುಂದೆ ದಾರ ಕಂಡಲ್ಲಿ ಹಿಂದೆ ಬಯಲು ಕಾಣಬೇಕು; ಗವಂತಿ, ಮುರಗಿಗಳಲ್ಲಿ ಮಾತ್ರ ಎರಡೂ ಬದಿ ಒಂದೇ. ಗ್ರಂಥಪಾಲಕರು ಕನ್ನಡಕ ಸರಿಮಾಡಿಕೊಂಡು ನೋಡಿ, “ನೀವು ಹೇಳೂದು ಖರೆ ಐತ್ರಿ ಬಾಯಾರ” ಎಂದು ಕಾರ್ಡಿನ ಮೇಲೆ ಪೆನ್ಸಿಲಿನಿಂದ ತಿದ್ದಿ ಅಂದಿನ ತಾರೀಖು ಹಾಕಿದರು. ಆ ಮಧ್ಯಾಹ್ನ ಡ್ರಾಯರಿನಲ್ಲಿದ್ದ ಗೋಪುರಗಳನ್ನೆಲ್ಲ ತಿರುವಿ ಹಾಕಿದೆವು. ಗವಂತಿಯ ಒಂದು ಗೋಪುರದಲ್ಲಿಯೂ ಕಳಸ ಬೇರೆಯಾಗಿ ನಿಂತಿರಲಿಲ್ಲ, ಒಂದು ಹೊಲಿಗೆಯಷ್ಟಾದರೂ ಕಾಂಡ ಅದನ್ನು ಕೆಳಗಿನ ಅಂತಸ್ತಿಗೆ ಕೂಡಿಸಿತ್ತು.

ಇನ್ನೊಂದು ಲಾಭ ನನ್ನದೇ ಒಂದು ನಂಬಿಕೆ ಸಡಿಲವಾದದ್ದು. ಕಸೂತಿಯ ಗೋಪುರವೆಂದರೆ ನಮ್ಮ ಸೀಮೆಯ ದೇಗುಲಗಳ ನಕಲು ಎಂದು ಗಿರಾಕಿಗಳಿಗೆ ನಾನೂ ಹೇಳುತ್ತ ಬಂದಿದ್ದೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ದೊಡ್ಡ ಸಂಪುಟ ಅಲ್ಲಿದೆ. ಲಕ್ಕುಂಡಿ, ಗದಗ, ಹಾವೇರಿ, ಹಾನಗಲ್ಲಿನ ಗುಡಿಗಳ ನಕ್ಷೆ ಮತ್ತು ಚಿತ್ರಪಟಗಳು ಅದರಲ್ಲಿವೆ. ಚಿತ್ರಪಟವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪಕ್ಕದಲ್ಲಿ ಗೋಪುರದ ಕಸೂತಿಯನ್ನೂ ಅದರಾಚೆ ನವಲಗುಂದದ ಒಂದು ಹಳೆಯ ಜಮಖಾನದ ತುಂಡನ್ನೂ ಇಟ್ಟು ನೋಡಿದಾಗ, ಕಸೂತಿಯ ಗೋಪುರ ಲಕ್ಕುಂಡಿಯ ಶಿಖರಕ್ಕಿಂತ ಜಮಖಾನದ ಮೆಟ್ಟಿಲು ಗೆರೆಗೇ ಹತ್ತಿರವಾಗಿ ಕಂಡಿತು. ಎಳೆ ಎಣಿಸಿ ಹಾಕುವ ಗವಂತಿಗೆ ಅಡ್ಡ, ನೆಟ್ಟಗೆ, ಮೂಲೆಯಿಂದ ಮೂಲೆಗೆ ಎಂಬ ಮೂರೇ ದಾರಿಗಳಿವೆ, ಕಲ್ಲಿನ ಬಳುಕು ಅದಕ್ಕೆ ಒಗ್ಗುವುದಿಲ್ಲ. ಗುಡಿಯನ್ನು ನೋಡಿಯೇ ಹಾಕಿದ್ದರೂ ಅದಕ್ಕೆ ಆಕಾರ ಕೊಟ್ಟದ್ದು ಬಟ್ಟೆ. ಇದು ನನ್ನ ಊಹೆಯಷ್ಟೇ, ಆದರೆ ಮೂರು ವಸ್ತುಗಳು ಒಂದೇ ಮೇಜಿನ ಮೇಲೆ ಬಾರದಿದ್ದರೆ ಊಹಿಸುವುದಕ್ಕೂ ಆಗುತ್ತಿರಲಿಲ್ಲ. ಹಳೆಯ ಗ್ರಂಥಗಳ ಸ್ಕ್ಯಾನ್ ಪ್ರತಿಗಳು ಪುಕ್ಕಟೆ ಸಿಗುವಾಗ ಇಷ್ಟು ದೂರ ಹೋಗಬೇಕೇ ಎಂದು ಕೇಳಿದವರಿದ್ದಾರೆ. ಓದುವುದಕ್ಕಷ್ಟೇ ಆದರೆ ಬೇಡ. ಮಡಿಸಿದ ನಕ್ಷೆಗಳನ್ನು ಮಡಿಸಿದಂತೆಯೇ ಸ್ಕ್ಯಾನ್ ಮಾಡಿದ ಪ್ರತಿಗಳನ್ನು ನಾನು ಎಷ್ಟೋ ಸಲ ಕಂಡು ಕೈಚೆಲ್ಲಿದ್ದೇನೆ.

ಕೊರತೆಗಳಿಗೆ ಬರುತ್ತೇನೆ. ಪುಸ್ತಕವಾಗಲಿ ಮಾದರಿಯಾಗಲಿ ಮನೆಗೆ ಕೊಡುವುದಿಲ್ಲ, ಅದು ಸರಿಯೇ. ಝೆರಾಕ್ಸ್ ಇಲ್ಲ, ಫ್ಲಾಶ್ ಇಲ್ಲದೆ ಫೋಟೋ ತೆಗೆಯಬಹುದು, ಆದರೆ ಕಿಟಕಿಯ ಬೆಳಕು ನಾಲ್ಕು ಗಂಟೆಗೆಲ್ಲ ಇಳಿಯುತ್ತದೆ. ಕಂಪ್ಯೂಟರಿನ ಸೂಚಿ ಪೂರ್ತಿ ಇಂಗ್ಲಿಷಿನಲ್ಲಿದ್ದು, ಅದರಲ್ಲಿ ಮುರಗಿಯನ್ನು ಮೂರು ಬಗೆಯ ಕಾಗುಣಿತದಲ್ಲಿ ತುಂಬಿದ್ದಾರೆ, ಒಂದನ್ನು ಹುಡುಕಿದರೆ ಉಳಿದೆರಡು ಬರುವುದಿಲ್ಲ. ಕೈಬರಹದ ಕನ್ನಡ ಕಾರ್ಡುಗಳೇ ಈಗಲೂ ಹೆಚ್ಚು ನಂಬಿಕೆಗೆ ಯೋಗ್ಯ. ಬಣ್ಣದ ಬಗ್ಗೆ ಪುಸ್ತಕಗಳು ತೀರ ಕಡಿಮೆ. ಕೈಮಗ್ಗದ ಊರು ಬೆಟಗೇರಿ ಇಷ್ಟು ಹತ್ತಿರವಿದ್ದೂ ಅಲ್ಲಿನ ನೇಯ್ಗೆಯ ಒಂದು ತುಂಡೂ ಡ್ರಾಯರುಗಳಲ್ಲಿ ಇಲ್ಲದಿರುವುದು ನನಗೆ ಅರ್ಥವಾಗದ ಸಂಗತಿ.

ವರ್ಷಕ್ಕೆ 1,200 ರೂಪಾಯಿ ಶುಲ್ಕ. ಮರಳಿ ಬಂದ ಮೂವತ್ತು ಕಣಗಳಲ್ಲಿ ಎರಡರ ಬೆಲೆಯೂ ಅದಲ್ಲ. ಮುಂದಿನ ವರ್ಷದ್ದನ್ನೂ ಕಟ್ಟಿ ಬಂದಿದ್ದೇನೆ, ಅಕ್ಕನ ಹೆಸರಿನಲ್ಲಿಯೂ ಒಂದು ಕಾರ್ಡು ಮಾಡಿಸಿದ್ದೇನೆ. ಆಕೆಗೆ ಬಿಡುವು ಸಿಗುವುದು ಭಾನುವಾರ ಮಾತ್ರ, ಗ್ರಂಥಾಲಯಕ್ಕೆ ಅಂದೇ ರಜೆ. ತಿಂಗಳಿಗೊಂದು ಭಾನುವಾರವಾದರೂ ಬಾಗಿಲು ತೆರೆಯಿರಿ ಎಂದು ಸಲಹೆಯ ಪುಸ್ತಕದಲ್ಲಿ ಬರೆದು ಬಂದೆ. ಅದೇ ಪುಟದಲ್ಲಿ ನನಗಿಂತ ಮೊದಲು ಇಬ್ಬರು ಅದನ್ನೇ ಬರೆದಿದ್ದರು.