ಯೋಧ ಸನ್ಯಾಸಿ ಸಂಘ ಕಟ್ಟಲು ಕಲಿಸುವ ಆರು ತಿಂಗಳ ಕೋರ್ಸ್: ಪೂರ್ತಿ ಮುಗಿಸಿದ ಮೇಲೆ ಬರೆದದ್ದು

ಐದಕ್ಕೆ ಮೂರೂವರೆ ಸ್ಟಾರ್. ಮೊದಲ ವಾರವೇ ಬರೆದಿದ್ದರೆ ಐದೂ ಕೊಟ್ಟುಬಿಡುತ್ತಿದ್ದೆ, ನಾಲ್ಕನೇ ತಿಂಗಳಲ್ಲಿ ಬರೆದಿದ್ದರೆ ಒಂದು ಕೊಡುವುದೂ ಕಷ್ಟವಿತ್ತು. ಅದಕ್ಕೇ ಮುಗಿಯುವ ತನಕ ಕಾದೆ.

ಕೇಯಾಸ್ ಮ್ಯಾಜಿಕ್ಕನ್ನೇ (ನಂಬಿಕೆಯನ್ನು ಒಂದು ಉಪಕರಣದ ಹಾಗೆ ಬೇಕಾದಾಗ ತೊಟ್ಟು, ಬೇಡವಾದಾಗ ಕಳಚಿಡುವ ಮಾಂತ್ರಿಕ ಪದ್ಧತಿ) ಸಾಧನೆಯಾಗಿ ಇಟ್ಟುಕೊಂಡು, ಹೊಸದಾಗಿ ಒಂದು ಯೋಧ ಸನ್ಯಾಸಿ ಸಂಘ ಶುರು ಮಾಡಬೇಕು ಅನ್ನುವವರಿಗಾಗಿ ಮಾಡಿದ ಆನ್‌ಲೈನ್ ತರಬೇತಿ ಇದು. ಒಂದು ನಿಯಮದ ಪುಸ್ತಕ, ಒಂದು ಖಾಲಿ ಡೈರಿ, ವಾರಕ್ಕೆ ಎರಡು ವೀಡಿಯೊ ಪಾಠ, ತಿಂಗಳಿಗೊಮ್ಮೆ ಮುಖ್ಯ ಗುರುಗಳ ಜೊತೆ ಮಾತುಕತೆ. ನಾವು ಐದು ಜನ ಸ್ನೇಹಿತರು ಒಟ್ಟಿಗೆ ಸೇರಿದೆವು. ನಡೆಸುವವರ ಹೆಸರು ಇಲ್ಲಿ ಹಾಕುವುದಿಲ್ಲ. ದೂರುಗಳನ್ನು ಅವರಿಗೇ ನೇರವಾಗಿ ಬರೆದಿದ್ದೇನೆ. ಇಂಥ ಕೋರ್ಸ್ ಹುಡುಕುತ್ತಿರುವವರು ಸೇರುವ ಮೊದಲು ಏನು ಕೇಳಬೇಕು ಅಂತ ಗೊತ್ತಾದರೆ ನನಗೆ ಅಷ್ಟೇ ಸಾಕು.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಕೇಯಾಸ್ ಅಂದಕೂಡಲೇ ಮನಸ್ಸಿಗೆ ತೋಚಿದ ಹಾಗೆ ಇರುವುದು ಅಂದುಕೊಳ್ಳುವವರೇ ಜಾಸ್ತಿ. ಈ ಕೋರ್ಸ್ ಆ ಭ್ರಮೆಯನ್ನು ಮೊದಲ ದಿನವೇ ಬಿಡಿಸುತ್ತದೆ. ಇಲ್ಲಿ ಬದಲಾಗುತ್ತಾ ಹೋಗುವುದು ನಂಬಿಕೆ ಮಾತ್ರ. ಒಂದು ತಿಂಗಳು ಎಲ್ಲದರಲ್ಲೂ ದೇವರಿದ್ದಾನೆ ಅಂತ ಪೂರ್ತಿ ನಂಬಿ ಬದುಕಬೇಕು, ಮುಂದಿನ ತಿಂಗಳು ಯಾವ ದೇವರೂ ಇಲ್ಲ ಅಂತ ಅಷ್ಟೇ ಪ್ರಾಮಾಣಿಕವಾಗಿ ನಂಬಿ ಬದುಕಬೇಕು. ಆದರೆ ಬೆಳಗ್ಗೆ ಏಳುವ ಹೊತ್ತು, ಅಲುಗಾಡದೆ ಕೂರುವುದು, ಉಸಿರಿನ ಅಭ್ಯಾಸ, ಡೈರಿ ಬರೆಯುವುದು, ಇವು ಯಾವ ತಿಂಗಳೂ ಬದಲಾಗುವುದಿಲ್ಲ. ಎರಡನೇ ತಿಂಗಳಲ್ಲಿ ನನ್ನ ತಲೆಯೊಳಗೆ ಎಲ್ಲ ಬುಡಮೇಲಾಗಿತ್ತು, ಯಾವುದನ್ನು ನಂಬುತ್ತೇನೆ ಅಂತ ನನಗೇ ತಿಳಿಯುತ್ತಿರಲಿಲ್ಲ, ಆಗ ಕೈಗೆ ಸಿಕ್ಕಿದ್ದು ಬೆಳಗಿನ ಆ ಅರ್ಧ ಗಂಟೆ ಒಂದೇ. ಸನ್ಯಾಸಿಯ ಕಟ್ಟುನಿಟ್ಟು ಕೇಯಾಸ್‌ಗೆ ಯಾಕೆ ಬೇಕು ಅನ್ನುವುದು ನನಗೆ ಅವತ್ತು ಅರ್ಥವಾಯಿತು.

ಇದು ಅವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಕೇಯಾಸ್ ಮ್ಯಾಜಿಕ್ ಶುರು ಮಾಡಿದವರಲ್ಲಿ ಒಬ್ಬರಾದ ಪೀಟರ್ ಕ್ಯಾರಲ್ ಬರೆದ ತರಬೇತಿಯೂ ಹೀಗೇ ಶುರುವಾಗುತ್ತದೆ: ಅಲುಗಾಡದೆ ಕೂರು, ಉಸಿರು ಗಮನಿಸು, ಯೋಚನೆ ನಿಲ್ಲಿಸು, ದಿನವೂ ಬರೆದಿಡು. ಮಂತ್ರ ತಂತ್ರ ಎಲ್ಲ ಆಮೇಲಿನ ಮಾತು. ಕೋರ್ಸಿನವರು ಈ ಋಣವನ್ನು ಒಪ್ಪಿಕೊಂಡಿದ್ದಾರೆ, ಅದು ಇಷ್ಟವಾಯಿತು. ಸಣ್ಣ ಅಭ್ಯಾಸ ಬದಲಿಸುವ ಪಾಠವೂ ಅಲ್ಲಿಂದಲೇ ಬಂದದ್ದು. ವಾರಕ್ಕೊಂದು ಚಿಕ್ಕ ಚಟ ಆರಿಸಿಕೊಂಡು ಬೇಕಂತಲೇ ಬದಲಿಸಬೇಕು. ನಾನು ಮಾತಿನ ನಡುವೆ ಬಾಯಿ ಹಾಕುವುದನ್ನು ಬಿಡಲು ಹೊರಟೆ. ಮೊದಲ ದಿನದ ಡೈರಿಯಲ್ಲಿ ಹನ್ನೊಂದು ಗುರುತು ಬಿದ್ದಿವೆ.

ಸಿಜಿಲ್, ಅಂದರೆ ಆಸೆಯನ್ನು ಒಂದು ಗುರುತಿನ ಚಿತ್ರವಾಗಿ ಮಾಡುವ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಕನ್ನಡದಲ್ಲಿ ಮಾಡುವವರಿಗೆ ಅಲ್ಲೊಂದು ತೊಡಕಿದೆ. ಲಂಡನ್ನಿನ ಕಲಾವಿದ ಆಸ್ಟಿನ್ ಆಸ್ಮನ್ ಸ್ಪೇರ್ (1886–1956) ಅವರಿಂದ ಬೆಳೆದುಬಂದ ವಿಧಾನ ಇದು. ಆಸೆಯನ್ನು ಒಂದು ವಾಕ್ಯವಾಗಿ ಬರೆದು, ಮತ್ತೆ ಮತ್ತೆ ಬರುವ ಅಕ್ಷರ ತೆಗೆದು, ಉಳಿದವನ್ನು ಬೆಸೆದು ಒಂದು ಚಿತ್ರ ಮಾಡಿ, ಮನಸ್ಸು ಒಂದೇ ಬಿಂದುವಿಗೆ ಬಂದಾಗ ಅದನ್ನು ನೋಡಿ, ಆಮೇಲೆ ಮರೆತುಬಿಡಬೇಕು. ಪಾಠದಲ್ಲಿರುವುದೆಲ್ಲ ಇಂಗ್ಲಿಷ್ ಅಕ್ಷರದ ಉದಾಹರಣೆ. ನಮ್ಮ ಗುಣಿತಾಕ್ಷರ, ಒತ್ತಕ್ಷರ ಏನು ಮಾಡಬೇಕು? ಕೇಳಿದೆ, ಉತ್ತರ ಬರಲಿಲ್ಲ. ನಾವೇ ಕೂತು ಒಂದು ದಾರಿ ಮಾಡಿಕೊಂಡೆವು. ಗುಣಿತ ಬಿಟ್ಟು, ಒತ್ತನ್ನು ಮೂಲ ವ್ಯಂಜನವಾಗಿ ಬಿಡಿಸಿ, ಆಮೇಲೆ ಮರುಕಳಿಸಿದ್ದನ್ನು ತೆಗೆಯುವುದು. ‘ನನ್ನ ಕೋಪ ನನ್ನ ಹಿಡಿತದಲ್ಲಿದೆ’ ಅಂತ ಬರೆದರೆ ಕೊನೆಗೆ ಉಳಿಯುವುದು ನ, ಕ, ಪ, ಹ, ಡ, ತ, ದ, ಲ. ಎಂಟೇ ಅಕ್ಷರ. ಅದೂ ನಮ್ಮ ಅಕ್ಷರಗಳು ದುಂಡಗಿರುವುದರಿಂದ ಒಂದರೊಳಗೊಂದು ಎಷ್ಟು ಚೆನ್ನಾಗಿ ಕೂರುತ್ತವೆ ಅಂದರೆ, ಬಳ್ಳಿ ಸುತ್ತಿದ ಹಾಗೆ ಕಾಣುತ್ತದೆ. ಮಾಡಿ ನೋಡಿ.

ಇನ್ನು ಯೋಧನ ಭಾಗ. ಇದು ನಿರಾಸೆ ಮಾಡಿತು. ಹೆಜ್ಜೆ, ಕೋಲು, ಬಿದ್ದು ಏಳುವುದು, ಎಲ್ಲವೂ ವೀಡಿಯೊದಲ್ಲೇ. ಬೀಳುವುದನ್ನು ಪರದೆ ನೋಡಿ ಕಲಿಯಲು ಆಗುವುದಿಲ್ಲ. ನಮ್ಮಲ್ಲಿ ಒಬ್ಬರು ಅಂಗೈ ಊರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು, ತಪ್ಪು ತೋರಿಸಲು ಎದುರಿಗೆ ಯಾರೂ ಇರಲಿಲ್ಲ. ಆಮೇಲೆ ಬೇರೆ ಕಡೆ ಒಬ್ಬ ಶಿಕ್ಷಕರನ್ನು ಹುಡುಕಿಕೊಂಡೆವು. ನೀವು ಸೇರುವುದಾದರೆ ಈ ಏರ್ಪಾಡು ಮೊದಲೇ ಮಾಡಿಕೊಳ್ಳಿ.

ಇತಿಹಾಸದ ಪಾಠ ಕಾಟಾಚಾರಕ್ಕೆ ಇದೆ. ಚೀನಾದ ಶಾವೊಲಿನ್ ಮಠ, ಯುರೋಪಿನ ಕ್ರೈಸ್ತ ಯೋಧ ಸಂಘವಾದ ಟೆಂಪ್ಲರ್‌ಗಳು, ಜಪಾನಿನ ಸೋಹೇ ಅನ್ನುವ ಆಯುಧ ಹಿಡಿದ ಬೌದ್ಧ ಸನ್ಯಾಸಿಗಳು, ಎಲ್ಲರ ಚಂದದ ಚಿತ್ರ ಹಾಕಿ ಹೊಗಳಿದ್ದಾರೆ. ಸಂಘ ಕಟ್ಟುವವರಿಗೆ ಬೇಕಾದದ್ದು ಅವು ಯಾಕೆ ಬಿದ್ದವು ಅನ್ನುವುದು, ಅಲ್ವಾ? ಟೆಂಪ್ಲರ್‌ಗಳಿಗೆ 1129ರಲ್ಲಿ ಫ್ರಾನ್ಸಿನ ಟ್ರುವಾ ಊರಿನ ಚರ್ಚ್ ಸಭೆಯಲ್ಲಿ ನಿಯಮ ಸಿಕ್ಕಿತು. ಬಡತನದ ವ್ರತ ತೊಟ್ಟವರ ಸಂಘವೇ ದೊಡ್ಡ ಹಣ, ಆಸ್ತಿ ಮಾಡಿತು, ಫ್ರಾನ್ಸಿನ ರಾಜ ಅವರಿಗೆ ಸಾಲಗಾರನಾದ, ಅವನೇ ಹಿಡಿಸಿದ, 1312ರಲ್ಲಿ ಪೋಪ್ ಸಂಘವನ್ನೇ ರದ್ದು ಮಾಡಿದರು. ಜಪಾನಿನ ಹಿಯೇ ಬೆಟ್ಟದ ಸನ್ಯಾಸಿಗಳು ಆಯುಧ ಹಿಡಿದು ರಾಜಕೀಯದೊಳಗೆ ಇಳಿದಿದ್ದರು, 1571ರಲ್ಲಿ ಸೇನಾನಾಯಕ ಓಡಾ ನೊಬುನಾಗನ ಸೈನ್ಯ ಬೆಟ್ಟವನ್ನೇ ಸುಟ್ಟಿತು. ಇದರಲ್ಲಿ ಒಂದು ಸಾಲೂ ಪಾಠದಲ್ಲಿಲ್ಲ.

ಈಗ ನಾಲ್ಕನೇ ತಿಂಗಳು. ಗ್ನೋಸಿಸ್‌ಗೆ, ಅಂದರೆ ಮನಸ್ಸು ಒಂದೇ ಬಿಂದುವಿಗೆ ಬರುವ ಆ ಸ್ಥಿತಿಗೆ, ಎರಡು ದಾರಿ ಇದೆ ಅಂತ ಈ ವಿಷಯ ಓದಿದವರಿಗೆ ಗೊತ್ತು: ಮೌನ, ಉಪವಾಸ, ನಿದ್ದೆಗೆಡುವಂಥ ಶಾಂತ ದಾರಿ ಒಂದು, ಕುಣಿತ, ನಗಾರಿಯಂಥ ಆವೇಶದ ದಾರಿ ಇನ್ನೊಂದು. ಗುರುಗಳು ಮೂರು ರಾತ್ರಿ ಜಾಗರಣೆ ಹೇಳಿದರು. ಯಾರಿಗೆ ಯಾವ ಕಾಯಿಲೆ ಇದೆ ಅಂತ ಒಂದು ಮಾತು ಕೇಳಲಿಲ್ಲ. ನಮ್ಮಲ್ಲಿ ಒಬ್ಬರಿಗೆ ಮೂರ್ಛೆ ರೋಗವಿದೆ, ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆ. ಹೇಳಿದಾಗ ಬಂದ ಉತ್ತರ, ಅದು ಕುಂಟುನೆಪ, ಭಯವನ್ನು ದಾಟಬೇಕು ಅಂತ. ನನಗೆ ಸಿಟ್ಟು ಬಂದದ್ದು ಅಲ್ಲಿ. ನಂಬಿಕೆಯನ್ನೆಲ್ಲ ಕೆಳಗಿಡಿ ಅಂದವರು ತಮ್ಮ ಮಾತನ್ನು ಮಾತ್ರ ಯಾರೂ ಮುಟ್ಟಬಾರದು ಅಂದರೆ ಹೇಗೆ? ನಾವು ಐದೂ ಜನ ಜಾಗರಣೆ ಮಾಡಲಿಲ್ಲ. ಆ ತಿಂಗಳ ಪ್ರಮಾಣಪತ್ರ ತಡೆಹಿಡಿದರು. ಇರಲಿ.

ಕ್ಯಾರಲ್ ಮತ್ತು ರೇ ಶರ್ವಿನ್ 1978ರಲ್ಲಿ ಶುರು ಮಾಡಿದ ಇಲ್ಯುಮಿನೇಟ್ಸ್ ಆಫ್ ಥಾನಟೆರಾಸ್ ಅನ್ನುವ ಕೇಯಾಸ್ ಮ್ಯಾಜಿಕ್ ಸಂಘ, ಗುರುವನ್ನು ಯಾರೂ ಪ್ರಶ್ನಿಸಲಾಗದ ಈ ತೊಂದರೆಗೆ ಒಂದು ಉಪಾಯ ಮಾಡಿಕೊಂಡಿತ್ತು. ಅಲ್ಲಿ ‘ಇನ್‌ಸಬಾರ್ಡಿನೇಟ್’, ಅಂದರೆ ಮಾತು ಕೇಳದವರು, ಅಂತ ಒಂದು ಹುದ್ದೆ. ಮೇಲಿನವರು ತಪ್ಪಿದಾಗ ಮುಖಕ್ಕೆ ಹೇಳುವುದೇ ಅವರ ಕೆಲಸ. ಅದಿದ್ದೂ ತೊಂಬತ್ತರ ದಶಕದ ಆರಂಭದಲ್ಲಿ ಆ ಸಂಘ ಒಡೆಯಿತು, ನಿಜ. ಆದರೂ ಆರು ತಿಂಗಳು ಓದಿದ್ದರಲ್ಲಿ ಸಂಘ ಕಟ್ಟುವವರಿಗೆ ಇಷ್ಟು ಉಪಯೋಗಕ್ಕೆ ಬರುವ ವಿಷಯ ನನಗೆ ಇನ್ನೊಂದು ಸಿಗಲಿಲ್ಲ, ಮತ್ತು ಕೋರ್ಸಿನ ನಿಯಮದ ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ.

ನಮ್ಮ ಸಂಘ ಈಗ ಶುರುವಾಗಿದೆ. ಕೋರ್ಸಿನಿಂದ ಬೆಳಗಿನ ಅಭ್ಯಾಸ, ಡೈರಿ, ತಿಂಗಳಿಗೊಂದು ನಂಬಿಕೆ ಇಟ್ಟುಕೊಂಡೆವು. ವ್ರತ ಒಂದು ವರ್ಷಕ್ಕೆ ಮಾತ್ರ, ಆಮೇಲೆ ಬೇಕಿದ್ದವರು ಮತ್ತೆ ತೊಡಬಹುದು. ಎದುರು ಮಾತಾಡುವ ಹುದ್ದೆ ತಿಂಗಳಿಗೊಬ್ಬರಿಗೆ. ಈ ಸಲ ಅದು ಮೂರ್ಛೆ ರೋಗವಿರುವ ನಮ್ಮ ಗೆಳತಿಯದು. ಮೊದಲ ಸಭೆಯಲ್ಲೇ ನಾನು ಬರೆದ ನಿಯಮಗಳಲ್ಲಿ ಎರಡನ್ನು ಹೊಡೆದುಹಾಕಿಸಿದಳು.