ಎಕೋನಾ, ಎಲಿಸ್ ಪೀಟರ್ಸಾ?

ಮಧ್ಯಯುಗದ ಮಠ, ಒಂದು ಕೊಲೆ, ಪತ್ತೆಗಿಳಿಯುವ ಸನ್ಯಾಸಿ. ಈ ಇಬ್ಬರು ಕಾದಂಬರಿಕಾರರದ್ದೂ ಇದೇ ಸರಕು, ರುಚಿ ಮಾತ್ರ ಬೇರೆ.

ಉಂಬರ್ಟೋ ಎಕೋ ಮಧ್ಯಯುಗವನ್ನೇ ಅರೆದು ಕುಡಿದ ವಿದ್ವಾಂಸ. 1980ರ ‘ದಿ ನೇಮ್ ಆಫ್ ದಿ ರೋಸ್’ನಲ್ಲಿ 1327ರ ಇಟಲಿ, ಏಳು ದಿನದ ಕಥೆ, ಹೊಕ್ಕರೆ ದಾರಿ ತಪ್ಪಿಸುವ ಗ್ರಂಥಾಲಯ, ಜೊತೆಗೆ ಯೇಸು ಬಡವನಾಗಿದ್ದನೇ ಅಂತ ಪುಟಗಟ್ಟಲೆ ವಾದ, ಸಾಲದ್ದಕ್ಕೆ ಲ್ಯಾಟಿನ್ ಬೇರೆ. ಮೊದಲ ನೂರು ಪುಟ ಹಲ್ಲು ಕಚ್ಚಿ ದಾಟಬೇಕು. ದಾಟಿದರೆ ಬಿಡೋಕಾಗಲ್ಲ.

ಪೀಟರ್ಸ್ ಸಲೀಸು. 12ನೇ ಶತಮಾನದ ಇಂಗ್ಲೆಂಡಿನ ಶ್ರೂಸ್‌ಬರಿ, ಗಿಡಮೂಲಿಕೆ ಬೆಳೆಸುವ ಸನ್ಯಾಸಿ ಬ್ರದರ್ ಕ್ಯಾಡ್‌ಫೇಲ್, 20 ಕಾದಂಬರಿ.

ಮಲಗುವ ಮುನ್ನ ಸುಮ್ನೆ ಓದೋಕೆ ಪೀಟರ್ಸ್ ಸಾಕು. ಆ ಕಾಲದವರ ತಲೆಯೊಳಗೇ ಇಳಿಯಬೇಕು ಅಂದ್ರೆ ಎಕೋ. ನನ್ನ ಓಟು ಎಕೋಗೆ, ಅದೂ ಎರಡನೇ ಓದಿನ ನಂತರ.