ಅಯಾನಿಕ್ ಲಿಕ್ವಿಡ್‌ಗೆ ಐಆರ್, ರಾಮನ್, ಎನ್‌ಎಂಆರ್: ಮೂರೂ ಮಾಡಿ ನೋಡಿದ ಮೇಲೆ

"ಅಣ್ಣ, ಪ್ರಾಜೆಕ್ಟ್‌ಗೆ ಅಯಾನಿಕ್ ಲಿಕ್ವಿಡ್ ತಗೊಂಡಿದೀನಿ. ಐಆರ್ ಸಾಕಾ, ಬೆಂಗಳೂರಿಗೆ ಹೋಗಿ ರಾಮನ್, ಎನ್‌ಎಂಆರ್ ಎಲ್ಲ ಮಾಡಿಸ್ಬೇಕಾ?" ತುಮಕೂರಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುವ ಹುಡುಗರು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಐಆರ್ ಅಂದರೆ ದ್ರವ ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತದೆ ಅಂತ ನೋಡುವುದು, ರಾಮನ್ ಅಂದರೆ ಲೇಸರ್ ಬೆಳಕು ಹೇಗೆ ಚದುರುತ್ತದೆ ಅಂತ, ಎನ್‌ಎಂಆರ್ ಅಂದರೆ ಅಯಸ್ಕಾಂತದೊಳಗೆ ಪರಮಾಣು ಬೀಜಗಳು ಕೊಡುವ ಸಂಕೇತ. ಒಂದೇ ದ್ರವವನ್ನು ಮೂರೂ ಮಷೀನಿಗೆ ಕೊಟ್ಟು ನೋಡಿದ್ದೇನೆ. ನನ್ನ ಉತ್ತರ: ಮೊದಲು ಐಆರ್. ಅದು ಅಗ್ಗ, ಕೈಗೆ ಸಿಗುತ್ತದೆ ಅನ್ನುವುದಷ್ಟೇ ಕಾರಣ ಅಲ್ಲ.

ನಾನು ಹಿಡಿದದ್ದು ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಟೆಟ್ರಾಫ್ಲೋರೋಬೊರೇಟ್. ಲ್ಯಾಬಿನಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, ಬಿಮಿಮ್ (ಧನ ಅಯಾನು) ಬಿಎಫ್4 (ಋಣ ಅಯಾನು) ಅಂದರೆ ಮುಗಿಯಿತು. ಇದು ಉಪ್ಪೇ, ಆದರೆ ರೂಮಿನಲ್ಲಿ ಇಟ್ಟರೆ ದ್ರವವಾಗಿಯೇ ಇರುತ್ತದೆ. 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕರಗುವ ಉಪ್ಪುಗಳನ್ನೆಲ್ಲ ಅಯಾನಿಕ್ ಲಿಕ್ವಿಡ್ ಗುಂಪಿಗೆ ಸೇರಿಸುತ್ತಾರೆ. 1914ರಲ್ಲಿ ಪಾಲ್ ವಾಲ್ಡೆನ್ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್ 12 ಡಿಗ್ರಿಗೇ ಕರಗುತ್ತದೆ. ಗಾಳಿ, ನೀರಿಗೆ ಸುಲಭವಾಗಿ ಕೆಡದ ಇಮಿಡಜೋಲಿಯಂ ದ್ರವಗಳನ್ನು ವಿಲ್ಕ್ಸ್ ಮತ್ತು ಝವರೊಟ್ಕೊ 1992ರಲ್ಲಿ ಮಾಡಿ ತೋರಿಸಿದರು. ಕೆಡುವುದು ಕಡಿಮೆ, ನಿಜ. ಆದರೆ ಗಾಳಿಯಿಂದ ತೇವ ಎಳೆದುಕೊಳ್ಳುವುದರಲ್ಲಿ ಬಲು ಜೋರು.

ನನಗೆ ಬೇಕಿದ್ದದ್ದು ಎರಡು ಸಂಗತಿ. ಇಮಿಡಜೋಲಿಯಂ ಉಂಗುರದಲ್ಲಿ ಎರಡು ನೈಟ್ರೋಜನ್ ನಡುವಿನ ಕಾರ್ಬನ್ ಮೇಲಿನ ಹೈಡ್ರೋಜನ್, ಅಂದರೆ ಸಿ2-ಎಚ್, ಎದುರಿನ ಋಣ ಅಯಾನಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ? ನೀರು ನುಗ್ಗಿದರೆ ಅದು ಯಾರ ಪಕ್ಕ ಕೂರುತ್ತದೆ?

ಎರಡನೆಯದಕ್ಕೆ ಎಟಿಆರ್ (ಹರಳಿನ ಮೇಲೆ ಹನಿ ಇಟ್ಟು ನೋಡುವ) ಐಆರ್‌ನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ವಜ್ರದ ಮೇಲೆ ಒಂದು ಹನಿ ಇಟ್ಟರೆ ಸಾಕು. ಕಿರಣ ಹನಿಯೊಳಗೆ ಹೋಗುವುದು ಒಂದೆರಡು ಮೈಕ್ರಾನ್ ಮಾತ್ರ, ಹಾಗಾಗಿ ಬಿಎಫ್4ನ 1050ರ (ಐಆರ್, ರಾಮನ್ ಪೀಕ್‌ಗಳ ಅಂಕಿ ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ) ಆಸುಪಾಸಿನ ದೈತ್ಯ ಬ್ಯಾಂಡ್ ಕೂಡ ಕತ್ತರಿಸಿ ಹೋಗದೆ ಪೂರ್ತಿ ಕಾಣುತ್ತದೆ. ಒಣಗಿಸಿದ ಸ್ಯಾಂಪಲ್ ಇಟ್ಟು, ಮುಚ್ಚದೆ, ನಿಮಿಷಕ್ಕೊಮ್ಮೆ ಸ್ಕ್ಯಾನ್ ಹಾಕಿ ನೋಡಿ. ಮೊದಲ ಸ್ಕ್ಯಾನಿನಲ್ಲಿ 3500ರ ಕಡೆ ಗೆರೆ ಚಪ್ಪಟೆ. ಆಮೇಲೆ 3640 ಮತ್ತು 3560ರಲ್ಲಿ ಎರಡು ಪುಟ್ಟ ಗುಡ್ಡ ಏಳುತ್ತವೆ. ಮಳೆ ಹಿಡಿದ ದಿನವಾದರೆ ಇನ್ನೂ ಬೇಗ. ಸಾಮಾನ್ಯ ನೀರಾಗಿದ್ದರೆ 3400ರ ಸುತ್ತ ಒಂದೇ ಅಗಲವಾದ ದಿಬ್ಬ ಬರಬೇಕಿತ್ತು, ಅಲ್ವಾ? ಇಲ್ಲಿ ಎರಡು ಚೂಪು ಪೀಕ್ ಬಂದಿವೆ ಅಂದರೆ ನೀರಿನ ಅಣುಗಳು ಒಂದಕ್ಕೊಂದು ಕೈ ಹಿಡಿದಿಲ್ಲ. ಒಂದೊಂದು ಅಣುವೂ ಎರಡು ಬಿಎಫ್4 ನಡುವೆ ಒಂಟಿಯಾಗಿ ಸಿಕ್ಕಿಕೊಂಡಿದೆ. ಕಮರಾಟ, ವೆಲ್ಟನ್ ಮತ್ತು ಜೊತೆಗಾರರು 2001ರಲ್ಲಿ ಹೇಳಿದ್ದು ಇದನ್ನೇ. ಅದು ನಮ್ಮ ಊರಿನ ಗಾಳಿಯ ತೇವದಲ್ಲೇ ಕಣ್ಣಿಗೆ ಕಾಣುತ್ತದೆ.

ಐಆರ್ ಕೈಕೊಡುವುದು ಸಿ2-ಎಚ್ ವಿಷಯದಲ್ಲಿ. 3000ದಿಂದ 3200ರವರೆಗೆ ಬ್ಯಾಂಡುಗಳು ಒಂದರ ಮೇಲೊಂದು ಕೂತಿರುತ್ತವೆ, ಜೊತೆಗೆ ಫರ್ಮಿ ರೆಸೊನೆನ್ಸ್ (ಹತ್ತಿರದ ಕಂಪನಗಳು ಬೆರೆತು ಪೀಕ್‌ಗಳನ್ನು ಗೊಂದಲಗೊಳಿಸುವುದು) ಬೇರೆ. "ಈ ಪೀಕ್ ಸಿ2-ಎಚ್‌ದೇ" ಅಂತ ಬೆರಳಿಟ್ಟು ತೋರಿಸಲು ಹೋಗಬೇಡಿ, ವೈವಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಅಯಾನುಗಳ ನಡುವಿನ ಹೈಡ್ರೋಜನ್ ಬಂಧದ ಕಂಪನವನ್ನೇ ನೇರವಾಗಿ ನೋಡಬೇಕೆಂದರೆ 150ಕ್ಕಿಂತ ಕೆಳಗಿನ ಫಾರ್ ಐಆರ್ ಬೇಕು. ಕಾಲೇಜಿನ ಸಾಮಾನ್ಯ ಮಷೀನು ಅಲ್ಲಿಗೆ ಇಳಿಯುವುದಿಲ್ಲ.

ರಾಮನ್‌ಗೆ ನನ್ನ ಮಟ್ಟಿಗೆ ಎರಡನೇ ಜಾಗ, ಅದೂ ಒಂದೇ ಕೆಲಸಕ್ಕೆ. ಬ್ಯೂಟೈಲ್ ಬಾಲ (ಬಿಮಿಮ್‌ನ ನಾಲ್ಕು ಕಾರ್ಬನ್ ಸರಪಳಿ) ನೆಟ್ಟಗಿದ್ದರೆ 625ರಲ್ಲಿ ಪೀಕ್, ಬಾಗಿದ್ದರೆ 603ರಲ್ಲಿ. ಟೋಕಿಯೋದ ಹಮಗುಚಿ ತಂಡದ ಈ ಗುರುತು ಎಷ್ಟು ಸಲೀಸು ಅಂದರೆ, ಸ್ಪೆಕ್ಟ್ರಮ್ ನೋಡಿದ ಕೂಡಲೇ ದ್ರವದಲ್ಲಿ ಎರಡೂ ರೂಪ ಇವೆ ಅಂತ ಹೇಳಿಬಿಡಬಹುದು. ಐಆರ್‌ನಲ್ಲಿ ಈ ಸುಖ ಇಲ್ಲ. ಆದರೆ ಕಾಟವೂ ಇದೆ. ದ್ರವ ನಸು ಹಳದಿ ಇದ್ದರೆ 532 ನ್ಯಾನೋಮೀಟರ್ ಲೇಸರ್ ಬಿದ್ದೊಡನೆ ಕಲ್ಮಶದ ಫ್ಲೋರೊಸೆನ್ಸ್ (ಹೊಳೆಯುವ ಬೆಳಕು) ಎಲ್ಲವನ್ನೂ ಮುಳುಗಿಸುತ್ತದೆ. 785ಕ್ಕೆ ಬದಲಾಯಿಸಿದರೆ ಅದು ತಗ್ಗುತ್ತದೆ, ಆದರೆ ಸಿ-ಎಚ್ ಬ್ಯಾಂಡುಗಳು 1027 ನ್ಯಾನೋಮೀಟರ್ ಸುತ್ತ ಬೀಳುತ್ತವೆ. ಅಲ್ಲಿ ಸಿಲಿಕಾನ್ ಡಿಟೆಕ್ಟರ್ ಅರೆಗುರುಡು. ಇನ್ನೊಂದು, 532ರ ಲೇಸರ್‌ನಲ್ಲಿ 485ರ ಹತ್ತಿರ ಸೂಜಿಯಂಥ ಪೀಕ್ ಬಂದರೆ ಖುಷಿಪಡಬೇಡಿ. ಅದು ಟ್ಯೂಬ್‌ಲೈಟಿನ ಪಾದರಸದ ಗೆರೆ. ಲೈಟ್ ಆರಿಸಿ.

ಎನ್‌ಎಂಆರ್‌ಗೆ ಬೆಂಗಳೂರೇ ಗತಿ. ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಹತ್ತಿರ, ಆದರೆ ಎಲ್ಲಿಗೆ ಕೊಟ್ಟರೂ ಕ್ಯೂ ಇದ್ದದ್ದೇ. ಸಿ2-ಎಚ್ ಪ್ರಶ್ನೆಗೆ ಮಾತ್ರ ಇದು ಕೊಡುವ ಉತ್ತರ ಬೇರೆಲ್ಲೂ ಸಿಗದು. ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇರುವ ಕ್ಲೋರೋಫಾರ್ಮ್‌ನಲ್ಲಿ ಬಿಮಿಮ್ ಕ್ಲೋರೈಡ್‌ನ (ಬಿಎಫ್4 ಜಾಗದಲ್ಲಿ ಕ್ಲೋರೈಡ್ ಇರುವ ಉಪ್ಪು) ಸಿ2-ಎಚ್ 10 ಪಿಪಿಎಂ (ಎನ್‌ಎಂಆರ್ ಅಳತೆ) ದಾಟಿ ನಿಲ್ಲುತ್ತದೆ, ಬಿಎಫ್4ನದು 9ರ ಕೆಳಗೆ. ಇಲ್ಲಿ ಅಂಕಿ ಹೆಚ್ಚಿದಷ್ಟು ಹಿಡಿತ ಬಿಗಿ. ಕ್ಲೋರೈಡ್ ಎಷ್ಟು ಗಟ್ಟಿ ಹಿಡಿದಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಏನು ಬೇಕು? ಅದೇ ಎರಡನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ ವ್ಯತ್ಯಾಸ ಬಹುಪಾಲು ಕರಗಿಹೋಗುತ್ತದೆ, ಯಾಕೆಂದರೆ ದ್ರಾವಕವೇ ಅಯಾನುಗಳನ್ನು ಬಿಡಿಸಿಬಿಡುತ್ತದೆ. ಅದಕ್ಕೇ ದ್ರವವನ್ನು ಹಾಗೇ ಟ್ಯೂಬಿಗೆ ತುಂಬಿಸಿ, ಡಿಎಂಎಸ್‌ಒ ಇರುವ ಸಣ್ಣ ಕ್ಯಾಪಿಲರಿ (ಸಪೂರ ಗಾಜಿನ ಕೊಳವೆ) ಒಳಗೆ ಇಡಿಸಿ. ದ್ರವ ಅಡುಗೆ ಎಣ್ಣೆಗಿಂತ ಮಂದವಾದ್ದರಿಂದ ಪೀಕ್ ದಪ್ಪಗಾಗುತ್ತದೆ, ಸಹಿಸಿಕೊಳ್ಳಿ. ಡಿ2ಒ (ಭಾರಜಲ) ಬೇಡ. ಸಿ2 ಮೇಲಿನ ಹೈಡ್ರೋಜನ್ ನಿಧಾನವಾಗಿ ಡ್ಯೂಟೀರಿಯಂಗೆ ಜಾಗ ಬಿಡುತ್ತದೆ, ನೋಡಬೇಕಾದ ಪೀಕೇ ಮಾಯ.

ಐಆರ್‌ನಲ್ಲಿ ನೀರಿಗೆ ಎರಡು ಪೀಕ್, ಎನ್‌ಎಂಆರ್‌ನಲ್ಲಿ ಒಂದೇ. ಹೀಗೆ ಬಂದರೆ ಗಾಬರಿ ಬೇಡ. ಐಆರ್‌ನ ಎರಡು ಪೀಕ್ ಒಂದೇ ನೀರಿನ ಅಣುವಿನ ಎರಡು ಬಗೆಯ ಕಂಪನ. ಎನ್‌ಎಂಆರ್ ಲೆಕ್ಕ ಹಾಕುವುದು ಪ್ರೋಟಾನ್‌ಗಳನ್ನು, ಅದೂ ಅವು ಓಡಾಡಿದ ಜಾಗಗಳ ಸರಾಸರಿಯಲ್ಲಿ.

ಯಾವುದಕ್ಕೆ ಕೊಟ್ಟರೂ ಅವತ್ತೇ ಕಾರ್ಲ್ ಫಿಷರ್ (ನೀರು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ ನೀರಿನ ಅಂಕಿ ಬರೆದಿಡಿ. ಅದಿಲ್ಲದ ಸ್ಪೆಕ್ಟ್ರಮ್ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಒಣಗಿಸುವಾಗ ವ್ಯಾಕ್ಯೂಮ್ ಜಾಸ್ತಿ, ಬಿಸಿ ಕಡಿಮೆ ಇರಲಿ. ಒದ್ದೆ ಬಿಎಫ್4 ಕಾದರೆ ಹೈಡ್ರೊಫ್ಲೋರಿಕ್ ಆಸಿಡ್ ಹುಟ್ಟಬಹುದು. ದುಡ್ಡೇ ಇಲ್ಲ ಅನ್ನುವವರಿಗೆ ರೈಖಾರ್ಟ್ ಡೈ (ದ್ರವಕ್ಕೆ ತಕ್ಕಂತೆ ಬಣ್ಣ ಬದಲಿಸುವ ಬಣ್ಣದ್ರವ್ಯ) ಮತ್ತು ಯುವಿ ಮಷೀನು ಇದೆ, ಧ್ರುವೀಯತೆ ಎಷ್ಟು ಅಂತ ಒಂದು ಅಂದಾಜು ಸಿಗುತ್ತದೆ. ಡೈ ಹಾಕಿದ ಕೂಡಲೇ ಬಣ್ಣ ಹಾರಿದರೆ ಸ್ಯಾಂಪಲ್‌ನಲ್ಲಿ ಆಸಿಡ್ ಸೇರಿದೆ ಅಂತ ಅನುಮಾನಪಡಿ. ಆ ಬಾಟಲಿಯನ್ನು ಬೆಂಗಳೂರಿಗೆ ಹೊರಬೇಡಿ.